ನೋಡಲಿಕ್ಕೆ ಮಾತ್ರ ಇರುವ ಶೌಚಾಲಯ

ಆ ಖಾಸಗಿ ಶಾಲೆಯ ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯುತ್ತಿರಲಿಲ್ಲ. ಹಳೆಯ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಹೊಸದಕ್ಕೆ ಸದಾ ಬೀಗ.

"ಇದು ತಪಾಸಣೆಯವರು ನೋಡಲಿಕ್ಕೆ ಮಾತ್ರ. ಯಾರೇ ಬಳಸಿದರೂ ನಿನ್ನ ಕೆಲಸ ಹೋಯ್ತು," ಎಂದು ಕಾರ್ಯದರ್ಶಿ ಫಾಲಾಕ್ಷಪ್ಪನವರು ಕೀಲಿಯನ್ನು ಆಯಾ ಚೌಡಮ್ಮನಿಗೆ ಕೊಟ್ಟಿದ್ದರು.

ತಪಾಸಣೆಗೆ ಸಾಹೇಬರು ಬಂದರು. ಚೌಡಮ್ಮ ಹೊಸದನ್ನು ತೆರೆದು ತೋರಿಸಿ ಮತ್ತೆ ಬೀಗ ಹಾಕಿದಳು. ಆಮೇಲೆ ಉಪಚಾರ: ಎರಡು ಎಳನೀರು, ಮೇಲೆ ಎರಡು ಲೋಟ ಮಜ್ಜಿಗೆ. ವರದಿ ಬರೆಯುತ್ತಿದ್ದ ಸಾಹೇಬರು ಗಡಬಡಿಸಿ ಎದ್ದರು. ಚೌಡಮ್ಮ ಹಳೆಯದರತ್ತ ಕೈತೋರಿದಳು.

"ಬಾಗಿಲೇ ಇಲ್ವಲ್ಲಮ್ಮಾ!"

"ಹೊಸದು ನೋಡಲಿಕ್ಕೆ ಮಾತ್ರ ಸ್ವಾಮಿ. ಬಳಸಿದರೆ ನನ್ನ ಕೆಲಸ ಹೋಗುತ್ತೆ."

"ತೆಗೆಯೇ ಬೀಗಾನ!" ಫಾಲಾಕ್ಷಪ್ಪನವರು ಕಿರುಚಿದರು.

"ತೆಗೀತೀನಿ ಯಜಮಾನ್ರೇ. ಮಕ್ಕಳಿಗೂ ದಿನಾ ತೆಗೆದಿರಬೇಕು ಅಂತ ಸಾಹೇಬರು ಒಂದು ಸಾಲು ಬರೆದುಬಿಡಲಿ."

ಅಷ್ಟು ಬೇಗ ಸಹಿ ಬಿದ್ದ ತಪಾಸಣಾ ವರದಿ ಆ ಜಿಲ್ಲೆಯಲ್ಲಿ ಇನ್ನೊಂದಿಲ್ಲ.