ಹಗ್ಗ ಹಿಡಿದ ಭಾವಮೈದ

"ಗುರುಗಳೇ, ನಮ್ಮಣ್ಣನೂ ಅತ್ತಿಗೆಯೂ ಬೇರೆಯಾಗುತ್ತಿದ್ದಾರೆ. ನಾಳೆ ಹಿರಿಯರ ಜೊತೆ ನಾನೂ ಕೂತು ತೀರ್ಮಾನ ಹೇಳಬೇಕಂತೆ. ದುಡಿದವನು ಅಣ್ಣ. ಅತ್ತಿಗೆ ಮನೆಯಲ್ಲೇ ಇದ್ದವರು. ಅವರಿಗೆ ಏನು ಕೊಟ್ಟರೆ ನ್ಯಾಯ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಾಡಂಚಿನಲ್ಲಿ ಒಬ್ಬ ಜೇನು ಕೀಳುವವನಿದ್ದ. ಕಡಿದಾದ ಬಂಡೆಯ ನೆತ್ತಿಯಿಂದ ಹಗ್ಗ ಕಟ್ಟಿಕೊಂಡು ಇಳಿದು ಹೆಜ್ಜೇನು ಕೀಳುವುದು ಅವನ ಕಸುಬು. ಆ ಜನರಲ್ಲಿ ಒಂದು ಕಟ್ಟಳೆಯಿತ್ತು. ಮೇಲೆ ನಿಂತು ಹಗ್ಗ ಹಿಡಿಯುವವನು ಇಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಸ್ವಂತ ಒಡಹುಟ್ಟಿದವನು ಕೂಡದು. ಅಣ್ಣ ಸತ್ತರೆ ತಮ್ಮನಿಗೆ ಆಸ್ತಿ ಬಂದೀತು. ಭಾವ ಸತ್ತರೆ ಭಾವಮೈದನಿಗೆ ಸಿಗುವುದು ಅಕ್ಕನ ಕಣ್ಣೀರು ಮಾತ್ರ. ಮನುಷ್ಯರನ್ನು ಚೆನ್ನಾಗಿ ಬಲ್ಲ ಯಾರೋ ಮಾಡಿದ ಕಟ್ಟಳೆ.

ಗಂಡ ಹೆಂಡತಿಗೆ ಹೊಂದಲಿಲ್ಲ. ತಪ್ಪು ಯಾರದೆಂದು ಕೇಳಬೇಡ, ನನಗೂ ಗೊತ್ತಿಲ್ಲ. ಬೇರೆಯಾಗಲು ಇಬ್ಬರೂ ಒಪ್ಪಿದರು. ಹಂಚಿಕೆಗೆ ಹಿರಿಯರು ಕೂತರು.

"ಜೀವ ಕೈಯಲ್ಲಿ ಹಿಡ್ಕೊಂಡು ಇಳಿದೋನು ನಾನು. ಇವಳು ಒಂದಿನಾನೂ ಬಂಡೆ ಹತ್ರ ಬಂದೋಳಲ್ಲ. ಒಂದು ಸೀರೆ, ಒಂದು ಗಡಿಗೆ ಜೇನು ಕೊಡ್ತೀನಿ. ಅದೇ ಹೆಚ್ಚು," ಎಂದ ಗಂಡ.

"ಎರಡು ಮಕ್ಕಳನ್ನ ಕಟ್ಕೊಂಡು ಒಂದು ಗಡಿಗೆ ಜೇನಲ್ಲಿ ಎಷ್ಟು ದಿನ ಬದುಕ್ಲಿ?" ಎಂದಳು ಹೆಂಡತಿ.

ಹಿರಿಯರಲ್ಲಿ ಒಬ್ಬ ಗಡ್ಡ ನೀವಿಕೊಂಡು, "ದೊಡ್ಡ ಬಂಡೇಲಿ ಈ ಸಲದ ಜೇನು ಹಾಗೇ ಇದೆಯಲ್ಲಪ್ಪ. ಅದನ್ನ ಕಿತ್ಕೊಂಡು ಬಾ, ಆಮೇಲೆ ಹಂಚೋಣ," ಎಂದ.

ಭಾವಮೈದನನ್ನು ಕರೆಯುವ ಮುಖ ಈಗ ಇವನಿಗೆಲ್ಲಿ? ತನ್ನ ತಮ್ಮನನ್ನೇ ಕರೆದುಕೊಂಡು ಹೋದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಅಂಚಿಗೆ ಬಂದು ಕೆಳಗೆ ನೋಡಿದ. ತಿರುಗಿ ತಮ್ಮನ ಮುಖ ನೋಡಿದ. ತಮ್ಮ ಒಳ್ಳೆಯವನೇ. ಆದರೂ ಇವನ ಕಾಲು ಮುಂದೆ ಬರಲಿಲ್ಲ. ಇಷ್ಟು ವರ್ಷ ಇಳಿಯುವಾಗ ತಾನು ಒಮ್ಮೆಯೂ ಹೀಗೆ ತಿರುಗಿ ನೋಡಿರಲಿಲ್ಲವೆಂದು ಆಗ ಹೊಳೆಯಿತು. ಮನೆಯಲ್ಲಿ ಹೆಂಡತಿಯಿದ್ದಳು, ಅದಕ್ಕೇ ಅವಳ ತಮ್ಮ ಹಗ್ಗ ಬಿಡುತ್ತಿರಲಿಲ್ಲ.

ಬರಿಗೈಯಲ್ಲಿ ವಾಪಸು ಬಂದ. ನಾಚಿಕೆಯಾಗಿತ್ತು, ಆದರೆ ಎದೆ ಹಗುರವಾಗಿತ್ತು. "ಕೂಡಿಟ್ಟಿದ್ದರಲ್ಲಿ ಅರ್ಧ ಇವಳದು. ಇವಳಿಗೊಂದು ದಾರಿಯಾಗೋವರೆಗೂ ಪ್ರತಿ ಸಲದ ಜೇನಲ್ಲೂ ಪಾಲು ಕೊಡ್ತೀನಿ," ಎಂದ.

ಅವಳಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು ಪಕ್ಕದಲ್ಲಿದ್ದ ತನ್ನ ತಮ್ಮನ ಕಡೆ ತಿರುಗಿದಳು. "ಹೋಗೋ, ಹಗ್ಗ ಹಿಡಿ. ನನಗೆ ಗಂಡ ಅಲ್ಲದಿದ್ರೂ ಮಕ್ಕಳಿಗೆ ಅಪ್ಪ," ಎಂದಳು. ಮುಖ ಬಿಗಿದುಕೊಂಡು ಕೂತಿದ್ದ ಹಿರಿಯರೂ ನಕ್ಕುಬಿಟ್ಟರು. ಆ ಸಲದ ಜೇನು ಎರಡು ಮನೆಗೆ ಹೋಯಿತು.

ಕತೆ ಕೇಳಿ ಶಿಷ್ಯನಿಗೆ ನಿರಾಳವಾಯಿತು. "ಅರ್ಥವಾಯಿತು ಗುರುಗಳೇ. ಅತ್ತಿಗೆಯ ಋಣ ಎಷ್ಟಿದೆಯೆಂದು ನಾಳೆ ಅಣ್ಣನಿಗೆ ಬಿಡಿಸಿ ಹೇಳುತ್ತೇನೆ," ಎಂದು ಎದ್ದ.

ಗುರುಗಳು ಕೇಳಿದರು: "ನಿಮ್ಮ ತಾಯಿ ಹಾಸಿಗೆ ಹಿಡಿದಿದ್ದ ಅಷ್ಟೂ ಕಾಲ, ನೀನು ಒಂದು ದಿನವಾದರೂ ಪಾಠ ಬಿಟ್ಟು ಮನೆಗೆ ಹೋಗಬೇಕಾಗಿ ಬಂದಿತ್ತೇ?"