ತೋಳು ಬಂತು

ಆ ವರ್ಷ ಚಳಿ ಹೋಗಲೇ ಇಲ್ಲ. ಕಂಕವ್ವಜ್ಜಿ ಒಲೆಯ ಮುಂದೆ ಕೂತು ಮೊಮ್ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದಳು. ಗೋಡೆಯಾಚೆಯ ಕೊಟ್ಟಿಗೆಯಲ್ಲಿ ಒಂದು ಕುರಿ, ಒಂದು ಮೇಕೆ. ಸ್ವೆಟರಿಗೆ ಉಣ್ಣೆ ಕೊಟ್ಟ ಕುರಿಯ ಮೈ ಬೋಳಾಗಿತ್ತು. ಅದು ಚಳಿಗೂ ನಡುಗುತ್ತಿತ್ತು, ಹಿತ್ತಿಲಲ್ಲಿ ಕಂಡ ತೋಳದ ಹೆಜ್ಜೆಗೂ ನಡುಗುತ್ತಿತ್ತು.

ಸಂಜೆ ಅಜ್ಜಿ ಸೊಸೆಗೆ ಹೇಳಿದಳು: “ಮೈ ಮುಗೀತು ಕಣೇ, ಕುತ್ತಿಗೇನೂ ಮುಗೀತು. ಇನ್ನು ತೋಳು ಬಂದ್ರೆ ಆಯ್ತು.”

ಕುರಿ ಧಡಕ್ಕನೆ ಎದ್ದಿತು. “ಕೇಳಿದೆಯಾ? ತೋಳ ಬರುತ್ತದಂತೆ! ಮೈ, ಕುತ್ತಿಗೆ, ಎಲ್ಲ ಮುಗಿಸುತ್ತದಂತೆ!”

“ತೋಳ ಅಲ್ಲ, ತೋಳು. ಸ್ವೆಟರಿನ ತೋಳು,” ಎಂದಿತು ಮೇಕೆ. “ಪೂರ್ತಿ ಕೇಳು, ಆಮೇಲೆ ಹೆದರು.”

“ಪೂರ್ತಿ ಕೇಳುತ್ತ ನಿಂತ ಕುರಿ ಉಳಿದದ್ದುಂಟೇ?” ಎನ್ನುತ್ತ ಕುರಿ ತಡಿಕೆ ಬಾಗಿಲಿಗೆ ಹಾಯ್ದು, ಅದನ್ನು ಕೆಡವಿ, ಮಬ್ಬುಗತ್ತಲಲ್ಲಿ ಓಡಿಹೋಯಿತು.

ಮೇಕೆ ನಕ್ಕಿತು. ಬಿದ್ದ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಗೊರಗಿ ಮಲಗಿ ಮೆಲುಕು ಹಾಕತೊಡಗಿತು.

ಸ್ವಲ್ಪ ಹೊತ್ತಿಗೆಲ್ಲ ಹಿತ್ತಿಲಿನಿಂದ ಸೊಸೆ ಕಿರುಚಿದಳು: “ಅತ್ತೇ, ತೋಳ ಬಂತು! ತೋಳ!”

“ಅಂತೂ ಒಂದು ಬಂತು,” ಎಂದಿತು ಮೇಕೆ, ಕಣ್ಣು ಮುಚ್ಚಿಕೊಂಡೇ. “ಇನ್ನೊಂದೂ ಬಂದುಬಿಟ್ಟರೆ ಪಾಪ, ಮಗುವಿಗೆ ಬೆಚ್ಚಗಾಗುತ್ತದೆ.”

ಅದರ ಕುತ್ತಿಗೆಗೆ ಬಿಸಿ ಉಸಿರು ತಾಗಿತು.