ಕಾಯುವುದಕ್ಕೆ ಇಟ್ಟ ಹೆಸರು

ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲೊಬ್ಬರು ಮುದುಕರು. ಒಂದು ಕಾಲಕ್ಕೆ ಕಂಪ್ಯೂಟರಿನ ಪ್ರೋಗ್ರಾಮು ಬರೆಯುತ್ತಿದ್ದವರು. ಈಗ ಬರೆಯುವವರಿಗೆ ಕಲಿಸುತ್ತಿದ್ದರು. ಊರವರಿಗೆಲ್ಲ ಅವರು ಅಜ್ಜಾರು.

ಅವರ ಶಿಷ್ಯ ಶಂಭುಲಿಂಗ. ನಡುಗಡ್ಡೆಯ ಜನ ದೋಣಿ ಕರೆಯಲಿಕ್ಕೆ ಅವನೊಂದು ಪ್ರೋಗ್ರಾಮು ಬರೆದಿದ್ದ. ನಡುಗಡ್ಡೆಯಿಂದ ಕರೆ ಬಂದರೆ ಅದು ಒಬ್ಬೊಬ್ಬ ಅಂಬಿಗನಿಗೂ ಫೋನು ಹಚ್ಚುತ್ತಿತ್ತು. ಒಬ್ಬ ಎತ್ತದಿದ್ದರೆ ಇನ್ನೊಬ್ಬನಿಗೆ. ಯಾರೂ ಎತ್ತದಿದ್ದರೆ ಹತ್ತು ನಿಮಿಷಕ್ಕೆ ‘ದೋಣಿ ಇಲ್ಲ’ ಎಂದು ಹೇಳಿಬಿಡುತ್ತಿತ್ತು.

ಒಂದು ಮುಂಜಾನೆ ಶಂಭುಲಿಂಗ ಏದುಸಿರು ಬಿಡುತ್ತ ಬಂದ.

“ಅಜ್ಜಾರ, ನನ್ನ ಪ್ರೋಗ್ರಾಮಿನಾಗ ತಪ್ಪಿಲ್ಲ. ಎರಡು ಸಲ ನೋಡೇನಿ.”

“ನಾ ಕೇಳೇ ಇಲ್ಲಲ್ಲೋ.”

“ತಪ್ಪು ಸಂಗವ್ವಂದು.”

ಸಂಗವ್ವ ದೋಣಿಕಟ್ಟೆಯ ಕೋಣೆಯಲ್ಲಿ ಕೂತು ಆ ಪ್ರೋಗ್ರಾಮು ನೋಡಿಕೊಳ್ಳುವಾಕೆ.

“ಏನು ಮಾಡಿದಳು?”

“ಹೊಳಿ ಏರಿತ್ತು. ಅಂಬಿಗರ ಎರಡೂ ಕೈ ಹುಟ್ಟಿನ ಮ್ಯಾಲೆ. ಇಪ್ಪತ್ತು ಸೆಕೆಂಡಿನಾಗ ಫೋನು ಎತ್ತಾಕ ಆಗೂದಿಲ್ಲ, ಹೆಚ್ಚು ಮಾಡವ್ವಾ ಅಂದ್ರಂತ. ಆಕಿ ಅರವತ್ತು ಅಂತ ಹಾಕಿದ್ಲು. ಹಾಕಬಾರದ ಕಡೆ ಹಾಕಿದ್ಲು.”

“ಎಲ್ಲಿ ಹಾಕಿದ್ಲು?”

“‘ಕಾಯುವ ಸಮಯ’ ಅನ್ನೂ ಕಡೆ. ಅಂಬಿಗನಿಗೆ ಕಾಯೂದು ಅದಲ್ಲ. ಅದಕ್ಕ ‘ಗಡುವು’ ಅಂತ ಬ್ಯಾರೆ ಐತಿ. ‘ಕಾಯುವ ಸಮಯ’ ಅಂದ್ರ ಒಟ್ಟು ಎಲ್ಲಾ ಸೇರಿ. ಅದು ನಿಮಿಷ.”

“ಗಡುವು?”

“ಸೆಕೆಂಡು.”

ಮುಂದಿನದು ಊರಿಗೆಲ್ಲ ಗೊತ್ತಿತ್ತು. ನಡುಗಡ್ಡೆಯ ಯಮನಪ್ಪನ ಹೆಂಡತಿಗೆ ಎದೆನೋವು ಬಂತು. ಯಮನಪ್ಪ ದೋಣಿ ಕರೆದ. ಅಂಬಿಗರು ಯಾರೂ ಎತ್ತಲಿಲ್ಲ. ಹತ್ತು ನಿಮಿಷಕ್ಕೆ ‘ದೋಣಿ ಇಲ್ಲ’ ಅನ್ನಬೇಕಾದ ಫೋನು ಒಂದು ತಾಸು ‘ಕಾಯಿರಿ’ ಅಂದಿತು. ಆಮೇಲೆ ದೋಣಿ ಸಿಕ್ಕು ದವಾಖಾನೆ ಮುಟ್ಟುವುದರೊಳಗೆ ಆಕೆ ತೀರಿಹೋಗಿದ್ದಳು.

“ಇವತ್ತು ದೋಣಿ ಸಂಘದವರು ಕೂಡ್ತಾರ,” ಅಂದ ಶಂಭುಲಿಂಗ. “ತಪ್ಪು ಆಕಿದು ಅಂತ ವರದಿ ಬರದೇನಿ. ಅದನ್ನ ನೋಡಿ ಸಂಗವ್ವನ್ನ ಕೆಲಸದಿಂದ ತೆಗೀತಾರ. ಆಕಿ ಕೊಂದ್ಲು ಅಂತ ಈಗಾಗಲೇ ಮಂದಿ ಅನ್ನಾಕತ್ತಾರ.”

“ನೀ ಇಟ್ಟ ಹೆಸರು ಚಂದ ಅದಾವ,” ಅಂದರು ಅಜ್ಜಾರು. “ಗಿಡ್ಡವು. ಬಾಯಿತುಂಬ ಕರೀಬಹುದು. ಕೂಸಿಗೆ ಹೆಸರಿಡಾಕ ಓಣಿ ಹೆಣ್ಣುಮಕ್ಕಳನ್ನೆಲ್ಲ ತೊಟ್ಟಿಲ ಹತ್ರ ಕರೀತೀವಿ. ಇವಕ್ಕ ಹೆಸರಿಡೂ ಮುಂದ ನೀ ಯಾರನ್ನ ಕರದಿದ್ದಿ?”

“ಯಾರನ್ನೂ ಇಲ್ರಿ. ನನಗ ಗೊತ್ತಿತ್ತಲ್ಲ, ಯಾವುದು ಏನು ಅಂತ.”

ಅಜ್ಜಾರು ಎದ್ದರು. ಅವನನ್ನು ಹೊಳೆಯ ದಡಕ್ಕೆ ಕರೆದೊಯ್ದರು. ಒಂದು ಬಂಡೆ ತೋರಿಸಿದರು.

“ಇಲ್ಲಿ ಕುಂದ್ರು. ಕಾಯಿ.”

“ಯಾರಿಗ್ರಿ?”

ಅಜ್ಜಾರು ಆಗಲೇ ತಿರುಗಿ ನಡೆದಿದ್ದರು.

ಶಂಭುಲಿಂಗ ಕೂತ. ಬಿಸಿಲು ಏರಿತು. ಏಳಲೇ ಅಂದುಕೊಂಡ. ಎದ್ದ ಮೇಲೆ ಬಂದರೆ? ಮತ್ತೆ ಕೂತ. ಏನು ಬರುತ್ತದೆ, ಯಾವಾಗ ಬರುತ್ತದೆ, ಬರದಿದ್ದರೆ ಹೋಗಬಹುದೋ ಇಲ್ಲವೋ, ಒಂದೂ ತಿಳಿಯದು. ನೀರು ನೋಡಿದ. ದಾರಿ ನೋಡಿದ. ಬಾಯಿ ಒಣಗಿತು.

ಒಬ್ಬ ಮನುಷ್ಯ ಬಂದು ಪಕ್ಕದಲ್ಲಿ ಕೂತ. ಯಮನಪ್ಪ. ಅವನಿಗೆ ಶಂಭುಲಿಂಗನ ಗುರುತಿರಲಿಲ್ಲ.

“ಯಾರಿಗೆ ಕಾಯಾಕತ್ತೀಯೋ ತಮ್ಮಾ?”

“ಗೊತ್ತಿಲ್ಲರಿ.”

“ಎಷ್ಟೊತ್ತು?”

“ಅದೂ ಗೊತ್ತಿಲ್ಲ.”

ಯಮನಪ್ಪ ನೀರಿನ ಕಡೆ ತಿರುಗಿದ.

“ನಾನೂ ಹಂಗ ಕುಂತಿದ್ದೆ. ಆಕಿ ತಲಿ ನನ್ನ ತೊಡಿ ಮ್ಯಾಲೆ ಇತ್ತು. ಫೋನು ಕಾಯಿರಿ ಅಂತು. ಅಂಬಿಗರು ಒಬ್ಬರೂ ಎತ್ತವಲ್ಲರು ಅಂತ ಅಂದಿದ್ರ, ಆಕಿನ್ನ ನನ್ನ ಹರಗೋಲಿನಾಗ ಹಾಕ್ಕೊಂಡು ನಾನ ಹೊಂಟುಬಿಡ್ತಿದ್ದೆ. ಹೊಳಿ ಏರಿದ್ರೇನು. ಹೊಂಟುಬಿಡ್ತಿದ್ದೆ.”

ಯಮನಪ್ಪ ತನ್ನ ತೊಡೆ ಸವರಿದ.

“ಇನ್ನೆಷ್ಟೊತ್ತು ಅಂತ ಕೇಳಿದ್ಲು. ಈಗ ಬರ್ತಾರ ಅಂದೆ. ಮೂರು ಸಲ ಕೇಳಿದ್ಲು. ಮೂರು ಸಲನೂ ಅದನ್ನ ಅಂದೆ.”

ಯಮನಪ್ಪ ಎದ್ದು ಹೋದ. ಶಂಭುಲಿಂಗ ಅಜ್ಜಾರು ಬರುವ ತನಕ ಕಾಯಲಿಲ್ಲ. ತಾನೇ ಎದ್ದು ಆಶ್ರಮಕ್ಕೆ ಹೋದ. ಹಳೆಯ ಎರಡೂ ಹೆಸರು ಅಳಿಸಿದ. ಹೊಸದು ಬರೆದ.

ಅಜ್ಜಾರು ಓದಲಿಲ್ಲ. “ನನಗ ಯಾಕ ತೋರಸ್ತಿ? ಸಂಗವ್ವನ್ನ ಕರಿ.”

ಸಂಗವ್ವ ಬಂದಳು. ಅತ್ತು ಅತ್ತು ಕಣ್ಣು ಬಾತಿದ್ದವು. ನಿಂತೇ ಓದಿದಳು.

“‘ಒಬ್ಬ ಅಂಬಿಗ ಫೋನು ಎತ್ತಲು ಕಾಯುವ ಸೆಕೆಂಡು.’ ‘ದೋಣಿ ಸಿಗಲು ಒಟ್ಟು ತಡೆಯುವ ನಿಮಿಷ.’”

“ತಿಳೀತೇನವ್ವಾ?” ಅಂದರು ಅಜ್ಜಾರು.

“ತಿಳೀತ್ರಿ. ಆದ್ರ…” ಅವಳು ಶಂಭುಲಿಂಗನ ಕಡೆ ನೋಡಿದಳು. “ಒಂದರಾಗ ಕಾಯೂದು, ಒಂದರಾಗ ತಡಿಯೂದು. ಎರಡೂ ಬ್ಯಾರೆ ಏನಣ್ಣಾ?”

“ಇಲ್ಲ. ಎರಡೂ ಕಾಯೂದ.”

“ಒಂದು ಸೆಕೆಂಡು, ಒಂದು ನಿಮಿಷ ಯಾಕ?”

“ದೊಡ್ಡದಕ್ಕ ನಿಮಿಷ ಚಲೋ ಕಾಣತೈತಿ ಅಂತ…”

“ನಾಕೂ ಕಡಿಯಿಂದ ಕೂಗತಿರ್ತಾರ ಅಣ್ಣಾ. ಆಗ ಚಲೋ ಕಾಣೂದು ಯಾರು ನೋಡ್ತಾರ?”

ಅಜ್ಜಾರು ನಕ್ಕರು. “ನಿನಗ ಪಾಠ ಹೇಳಾಕ ಇನ್ನ ಮ್ಯಾಲೆ ಈಕಿನ್ನ ಕಳಸ್ತೀನಿ ನೋಡು.”

ಸಂಗವ್ವ ನಗಲಿಲ್ಲ. ಅಂಗಳಕ್ಕೆ ಹೋಗಿ ಕಟ್ಟೆಯ ಮೇಲೆ ಕೂತಳು.

ಶಂಭುಲಿಂಗ ತಿದ್ದಿದ. ಎರಡರಲ್ಲೂ ‘ಕಾಯುವ’ ಎಂದು ಬಂತು. ಎರಡೂ ಸೆಕೆಂಡಾಯಿತು. ಹತ್ತು ನಿಮಿಷದ ಜಾಗದಲ್ಲಿ ಆರುನೂರು ಬಂತು. ನಡುಗಡ್ಡೆಯವರ ಫೋನು ಬರೀ ‘ಕಾಯಿರಿ’ ಅನ್ನದೆ, ಎಷ್ಟು ಅಂಬಿಗರು ಎತ್ತಲಿಲ್ಲ, ಇನ್ನೆಷ್ಟು ಹೊತ್ತು ನೋಡುತ್ತೇವೆ ಎಂದು ಹೇಳುವಂತೆ ಮಾಡಿದ. ಬೇರೆ ಮೂರು ದೋಣಿಕಟ್ಟೆಯವರು ತಮ್ಮ ಪ್ರೋಗ್ರಾಮನ್ನು ಇದಕ್ಕೆ ಜೋಡಿಸಿಕೊಂಡಿದ್ದರು. ಅವರಿಗೂ ಹೊಸ ಹೆಸರು ಬರೆದು ಕಳಿಸಿದ.

ಹೊತ್ತು ಇಳಿದಿತ್ತು. ಸಂಘದವರು ಕೂಡುವ ವೇಳೆ. ಮೇಜಿನ ಮೇಲೆ ಅವನ ವರದಿ ಮುಂಜಾನೆ ಬರೆದಂತೆಯೇ, ‘ತಪ್ಪು ಸಂಗವ್ವನದು’ ಎಂದೇ ಇತ್ತು.

ಅವನ ಮೈ ಹಗುರಾಗಿತ್ತು. “ಅಜ್ಜಾರ, ಎಲ್ಲಾ ಆತು. ಇನ್ನ ಯಾರೂ ತಿಳೀದ ಕಾಯೂದು ಬ್ಯಾಡ.”

ಅಜ್ಜಾರು ಬಾಗಿಲ ಹೊರಗೆ ನೋಡಿದರು.

“ಮುಂದ ಬರೋರಿಗೆ ಆತು ಬಿಡು. ಆ ಕಟ್ಟಿ ಮ್ಯಾಲೆ ಕುಂತಾಕಿಗೆ, ಇನ್ನೆಷ್ಟೊತ್ತು ಕುಂದರಬೇಕಂತ ಯಾರೂ ಹೇಳಿಲ್ಲ.”